ಅಂಗಳಕ್ಕೊಂದು ಪುಟ್ಟ ಮರ

ಮನೆ ಕಟ್ಟಿ ಮುಗಿಯಿತು. ಗೃಹಪ್ರವೇಶಕ್ಕೆ ಕಟ್ಟಿದ ಮಾವಿನ ತೋರಣ ಒಣಗಿ ಉದುರಿತು. ಉಳಿದ ಜಲ್ಲಿ, ಒಡೆದ ಇಟ್ಟಿಗೆ, ಸಿಮೆಂಟಿನ ಹೆಂಟೆಗಳನ್ನೆಲ್ಲ ಅಂಗಳದ ಮೂಲೆಗೆ ಒತ್ತರಿಸಿ, ಅದರ ಮೇಲೊಂದು ಲೋಡು ಕೆಮ್ಮಣ್ಣು ಹರಡಿಸಿದ್ದೂ ಆಯಿತು. ಮನೆಯಾಕೆ ತವರಿನಿಂದ ತಂದ ಕನಕಾಂಬರ, ಸೇವಂತಿಗೆಯ ಮರಿಗಳು, ಸುಗಂಧರಾಜದ ಗೆಡ್ಡೆ ಎಲ್ಲವೂ ಆಗಲೇ ಬೇರೂರಿವೆ. ಇನ್ನು ಅವುಗಳ ನಡುವೆ ಒಂದು ಮರ ಬೇಕು. ತೀರ ದೊಡ್ಡದು ಬೇಡ, ಪುಟ್ಟದೊಂದು ಹೂಮರ ಸಾಕು. ಯಾವುದನ್ನು ನೆಡುವುದು?

ಬಾಗಲೂರು ಮತ್ತು ಅದರ ಸುತ್ತಣ ಹಳ್ಳಿಗಳ ಹೊಸ ಬಡಾವಣೆಗಳಲ್ಲಿ ಈ ಪ್ರಶ್ನೆ ಮನೆಮನೆಯಲ್ಲೂ ಏಳುತ್ತದೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಬೆಂಗಳೂರಿನ ಈ ಉತ್ತರ ದಿಕ್ಕಿನ ಚಹರೆಯೇ ಬದಲಾಯಿತು. ರಾಗಿ, ದ್ರಾಕ್ಷಿ, ಗುಲಾಬಿ, ಸೇವಂತಿಗೆ ಬೆಳೆಯುತ್ತಿದ್ದ ಸೀಮೆಯಲ್ಲಿ ನಿವೇಶನಗಳ ಕಲ್ಲು ನೆಟ್ಟರು. ಹೊಲವಿದ್ದ ಕಾಲದಲ್ಲಿ ಮರವನ್ನು ಬದುವಿನ ಮೇಲೆ ಬಿಡುತ್ತಿದ್ದರು. ಅದು ಎಷ್ಟು ಬೆಳೆದರೂ ಯಾರ ಗೋಡೆಗೂ ತಾಗುತ್ತಿರಲಿಲ್ಲ. ಈಗ ಮೂವತ್ತು-ನಲವತ್ತರ ನಿವೇಶನದಲ್ಲಿ ಮನೆ ಕೂತ ಮೇಲೆ ಉಳಿಯುವುದು ಒಂದು ಪಟ್ಟಿ ನೆಲ. ನಲವತ್ತು-ಅರವತ್ತರದ್ದಾದರೆ, ಮನಸ್ಸು ಮಾಡಿ ಬಿಟ್ಟುಕೊಂಡರೆ, ಹನ್ನೆರಡು ಅಡಿ ಅಗಲ, ಹದಿನೆಂಟು ಅಡಿ ಉದ್ದದ ಜಾಗ ಸಿಕ್ಕೀತು. ಅಷ್ಟರೊಳಗೇ ಸಂಪು, ಚರಂಡಿ ಪೈಪು, ತುಳಸಿಕಟ್ಟೆ, ಹೂವಿನ ಪಾತಿ, ಒಂದು ಮರ ಎಲ್ಲವೂ ಹೊಂದಿಕೊಳ್ಳಬೇಕು.

ಸಾಮಾನ್ಯವಾಗಿ ಈ ಆಯ್ಕೆ ನಡೆಯುವುದು ಒಂದು ಭಾನುವಾರ ಸಂಜೆ, ರಸ್ತೆ ಬದಿಯ ನರ್ಸರಿಯಲ್ಲಿ, ಹತ್ತೇ ನಿಮಿಷದಲ್ಲಿ. ‘ಅಪ್ಪಾ, ಆ ಕೆಂಪು ಹೂವಿನದು ತಗೊಳ್ಳೋಣ’ ಎಂದು ಮಗಳು ಕೈ ತೋರಿಸುತ್ತಾಳೆ. ‘ಒಳ್ಳೇ ಜಾತಿ ಸಾರ್, ಎರಡೇ ವರ್ಷಕ್ಕೆ ಮನೆ ಎತ್ತರ ಬರುತ್ತೆ’ ಎಂದು ನರ್ಸರಿಯವನು ಹೊಗಳುತ್ತಾನೆ. ಎರಡೇ ವರ್ಷಕ್ಕೆ ಮನೆ ಎತ್ತರ ಬರುವ ಗಿಡ ಹತ್ತು ವರ್ಷಕ್ಕೆ ಎಷ್ಟೆತ್ತರ ಆದೀತು ಎಂದು ಕೇಳುವವರು ಕಡಿಮೆ. ನಾಲ್ಕನೇ ತರಗತಿಯ ಹುಡುಗಿ ಆರಿಸಿದ ಆ ಸಸಿ ಅವಳು ಕಾಲೇಜಿಗೆ ಹೋಗುವ ಹೊತ್ತಿಗೆ ತಾರಸಿ ದಾಟಿ, ಕೆಳಗಿದ್ದ ಅಮ್ಮನ ಸೇವಂತಿಗೆಯನ್ನೆಲ್ಲ ಕತ್ತಲಲ್ಲಿ ಸೊರಗಿಸಿರುತ್ತದೆ. ಆಗ ಕಡಿಯೋಣವೆಂದರೆ ಅದೂ ಸಲೀಸಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ, ವಿನಾಯಿತಿ ಪಡೆದ ಕೆಲವು ಜಾತಿಗಳನ್ನು ಬಿಟ್ಟರೆ, ಸ್ವಂತ ಜಾಗದಲ್ಲಿರುವ ಮರವನ್ನು ಉರುಳಿಸಲೂ ಅನುಮತಿ ಪಡೆಯಬೇಕು. ಹತ್ತು ನಿಮಿಷದ ಆಯ್ಕೆಯೊಡನೆ ಮೂವತ್ತು ವರ್ಷ ಬಾಳಬೇಕಾಗುತ್ತದೆ.

ಹೂವಿನ ಪಾತಿಯ ನಡುವೆ ಮರ ನೆಡುವವರು ಮೊದಲು ವಿಚಾರಿಸಬೇಕಾದದ್ದು ಮರದ ನೆರಳನ್ನು. ಹೂವಿನ ಬಣ್ಣದ ಮಾತು ಆಮೇಲೆ. ಮರ ಹೂ ಬಿಡುವುದು ವರ್ಷದಲ್ಲಿ ಒಂದೆರಡು ತಿಂಗಳು. ನೆರಳು ಬೀಳುವುದು ದಿನವೂ. ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಉಳಿಯುವ, ಪಠ್ಯಪುಸ್ತಕದಲ್ಲಿ ಬಹುವಾರ್ಷಿಕ ಎಂದು ಕರೆಯುವ ಗಿಡಗಳಿಗೆ ಆ ನೆರಳೇ ಹಣೆಬರಹ. ಟೊಮೇಟೊ, ಚೆಂಡುಹೂವಿನಂಥ ವಾರ್ಷಿಕ ಗಿಡವಾದರೆ ಮುಂದಿನ ವರ್ಷ ಬೇರೆಡೆ ಬಿತ್ತಬಹುದು. ಕನಕಾಂಬರ, ಸುಗಂಧರಾಜಗಳು ನಿಂತಲ್ಲೇ ನಿಂತಿರುತ್ತವೆ.

ನೆರಳು ಎಲ್ಲಿ ಬೀಳುತ್ತದೆ ಎಂದು ಮೊದಲೇ ತಿಳಿಯುವುದು ಹೇಗೆ? ಇಲ್ಲಿ ಮನೆಯ ವಿದ್ಯಾರ್ಥಿಗೆ ಒಳ್ಳೆಯ ಕೆಲಸವಿದೆ. ಒಂದು ಮೀಟರ್ ಉದ್ದದ ಕೋಲನ್ನು ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿ, ನಡುಮಧ್ಯಾಹ್ನದ ನೆರಳನ್ನು ತಿಂಗಳಿಗೊಮ್ಮೆ ಅಳೆದು ಬರೆದಿಟ್ಟುಕೊಳ್ಳಲಿ. ಗಡಿಯಾರದ ಹನ್ನೆರಡು ಗಂಟೆ ಇಲ್ಲಿಯ ನಿಜವಾದ ನಡುಮಧ್ಯಾಹ್ನವಲ್ಲ. ನಮ್ಮ ದೇಶದ ಸಮಯವನ್ನು ನಿಗದಿಪಡಿಸಿರುವುದು 82½ ಡಿಗ್ರಿ ಪೂರ್ವ ರೇಖಾಂಶಕ್ಕೆ. ಬೆಂಗಳೂರು ಇರುವುದು ಸುಮಾರು 77½ ಡಿಗ್ರಿಯಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ಲೆಕ್ಕ ಹಾಕಿದರೆ ಇಲ್ಲಿ ಸೂರ್ಯ ನೆತ್ತಿಯ ರೇಖೆಗೆ ಬರುವಾಗ ಗಡಿಯಾರ 12 ಗಂಟೆ 20 ನಿಮಿಷ ತೋರಿಸುತ್ತಿರುತ್ತದೆ. ಋತುವಿಗೆ ತಕ್ಕಂತೆ ಹತ್ತು ಹದಿನೈದು ನಿಮಿಷ ಆಚೀಚೆ ಆಗುವುದುಂಟು.

ಬಾಗಲೂರು ಇರುವುದು ಸಮಭಾಜಕ ವೃತ್ತದಿಂದ ಸುಮಾರು 13 ಡಿಗ್ರಿ ಉತ್ತರಕ್ಕೆ. ಡಿಸೆಂಬರ್ 22ರ ಹೊತ್ತಿಗೆ ನಡುಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಮೀಟರು ಕೋಲಿನ ನೆರಳು ಉತ್ತರಕ್ಕೆ ಮುಕ್ಕಾಲು ಮೀಟರಿನಷ್ಟು ಚಾಚಿರುತ್ತದೆ. ಜೂನ್ 21ರಂದು ಅದೇ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಉದ್ದ ಇಪ್ಪತ್ತು ಸೆಂಟಿಮೀಟರೂ ಇರುವುದಿಲ್ಲ. ಈ ನಡುವೆ ವರ್ಷಕ್ಕೆ ಎರಡು ಸಲ, ಏಪ್ರಿಲ್ 24-25 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ, ನೆಟ್ಟ ಕೋಲಿಗೆ ಮಧ್ಯಾಹ್ನ ನೆರಳೇ ಇರುವುದಿಲ್ಲ. ಶೂನ್ಯ ನೆರಳಿನ ದಿನವೆಂದು ಶಾಲೆಗಳಲ್ಲಿ ಪ್ರಯೋಗ ಮಾಡಿ ನೋಡುವುದು ಇದನ್ನೇ. ಕರ್ಕಾಟಕ ವೃತ್ತದಿಂದ ಆಚೆಗಿರುವ ದೆಹಲಿಯ ಮಕ್ಕಳಿಗೆ ಈ ಭಾಗ್ಯವಿಲ್ಲ.

ಕೋಲಿನ ಜಾಗದಲ್ಲಿ ಹನ್ನೆರಡು ಅಡಿಯ ಮರವನ್ನು ಇಟ್ಟು ನೋಡಿ. ಡಿಸೆಂಬರಿನ ಮಧ್ಯಾಹ್ನ ಅದರ ನೆರಳು ಉತ್ತರಕ್ಕೆ ಒಂಬತ್ತು ಅಡಿ. ಹನ್ನೆರಡು ಅಡಿ ಅಗಲದ ಪಾತಿಯ ದಕ್ಷಿಣ ಅಂಚಿನಲ್ಲಿ ಅದನ್ನು ನೆಟ್ಟರೆ, ಸೇವಂತಿಗೆ ಮೊಗ್ಗು ಬಿಡುವ ಕಾಲದಲ್ಲೇ ಪಾತಿಯ ಮುಕ್ಕಾಲು ಪಾಲು ಕತ್ತಲು. ಅದೇ ಮರವನ್ನು ಪಾತಿಯ ವಾಯವ್ಯ ಮೂಲೆಗೆ ನೆಟ್ಟರೆ ಲೆಕ್ಕವೆಲ್ಲ ತಿರುವುಮುರುವಾಗುತ್ತದೆ. ಚಳಿಗಾಲದ ನೆರಳು ಉತ್ತರಕ್ಕೆ, ಈಶಾನ್ಯಕ್ಕೆ, ಅಂದರೆ ಪಾತಿಯ ಆಚೆಗೆ ಬೀಳುತ್ತದೆ. ಏಪ್ರಿಲ್ ಕೊನೆ, ಮೇ ತಿಂಗಳ ಸುಡುವ ಮಧ್ಯಾಹ್ನ ಮೂರರ ಬಿಸಿಲು ಪಶ್ಚಿಮದಿಂದ, ತುಸು ವಾಯವ್ಯದಿಂದ ಬರುವಾಗ ಅದೇ ಮರ ಪಾತಿಗೆ ಛತ್ರಿ ಹಿಡಿಯುತ್ತದೆ. ಬೇಕಾದಾಗ ಬೆಳಕು, ಬೇಕಾದಾಗ ನೆರಳು. ವಾಸ್ತುವಿನ ಪುಸ್ತಕ ಯಾವ ಮೂಲೆ ಹೇಳುತ್ತದೋ ಅವರವರ ನಂಬಿಕೆಗೆ ಬಿಟ್ಟದ್ದು. ಸೂರ್ಯನ ಪುಸ್ತಕದಲ್ಲಿ ಮಾತ್ರ ಹೀಗಿದೆ. ಆದರೆ ಆ ಮೂಲೆಯಲ್ಲಿ ಅಕ್ಕಪಕ್ಕದವರ ಮನೆಯ ಎರಡನೇ ಮಹಡಿ ನಿಂತಿದ್ದರೆ ಈ ಲೆಕ್ಕವನ್ನು ಮತ್ತೆ ಮಾಡಬೇಕು. ಕೋಲು ನೆಡುವುದು ಅದಕ್ಕಾಗಿಯೇ.

ಇಷ್ಟಾದ ಮೇಲೆ ಮರದ ಹೆಸರಿಗೆ ಬರಬಹುದು.

ಈ ಸೀಮೆಯ ಅಭಿಮಾನದ ಮರವೆಂದರೆ ಚಕ್ಕೋತ. ದೇವನಹಳ್ಳಿ ಚಕ್ಕೋತಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಪಕ್ಕದ ಬಾಗಲೂರಿನಲ್ಲಿ ಮನೆಗೊಂದು ಚಕ್ಕೋತ ಇರಲಿ ಎನ್ನುವ ಆಸೆ ಸಹಜ. ವರ್ಷವಿಡೀ ಹಸಿರು, ಹೂ ಬಿಟ್ಟಾಗ ಬೀದಿಗೆಲ್ಲ ಘಮ, ಮಕ್ಕಳ ತಲೆಯಷ್ಟು ದೊಡ್ಡ ಹಣ್ಣು. ಎತ್ತರವೂ ಅತಿಯಲ್ಲ. ಆದರೆ ಹೂವಿನ ಪಾತಿಯ ನಡುವೆ ಅದನ್ನು ನೆಡುವುದು ತರವಲ್ಲ. ಅದರ ನೆರಳು ದಟ್ಟ, ಕೊಂಬೆಗಳು ನೆಲದತ್ತ ಬಾಗುತ್ತವೆ. ನೀರು ಗೊಬ್ಬರ ಹೀರುವ ಬೇರುಗಳು ಮಣ್ಣಿನ ಮೇಲ್ಪದರದಲ್ಲೇ ಹರಡಿರುವುದರಿಂದ, ಪಾತಿಯನ್ನು ಕೆದಕಿದಾಗಲೆಲ್ಲ ಅವಕ್ಕೆ ಪೆಟ್ಟು. ಅದೂ ಅಲ್ಲದೆ ಸಿಮೆಂಟು, ಸುಣ್ಣದ ಚೂರು ಬೆರೆತ ಕ್ಷಾರ ಮಣ್ಣಿನಲ್ಲಿ ನಿಂಬೆಯ ಕುಲದ ಗಿಡಗಳಿಗೆ ಕಬ್ಬಿಣದ ಅಂಶ ಸಿಗದೆ ಎಲೆ ಹಳದಿಯಾಗುತ್ತದೆ, ನರಗಳಷ್ಟೇ ಹಸಿರಾಗಿ ಉಳಿಯುತ್ತವೆ. ಹೊಸ ಮನೆಯ ಅಂಗಳದಲ್ಲಿ ಈ ಕಾಯಿಲೆ ಅಪರೂಪವಲ್ಲ. ಚಕ್ಕೋತ ಬೇಕೇ ಬೇಕು ಎನ್ನುವವರು ಅದಕ್ಕೆ ಬೇರೆಯದೇ ಮೂಲೆ ಕೊಡಲಿ. ಆ ಮರ್ಯಾದೆಗೆ ಅದು ಯೋಗ್ಯ.

ಸಂಪಿಗೆಯ ವಿಷಯದಲ್ಲಂತೂ ಮೋಸ ಹೋಗುವವರೇ ಹೆಚ್ಚು. ಮೂರಡಿಯ ಸಸಿಯಲ್ಲಿ ಹೂ ಕಂಡು ಮನೆಗೆ ತರುತ್ತಾರೆ. ಅದು ಕಾಡಿನ ಮರ, ಮೂವತ್ತು ಮೀಟರ್ ಎತ್ತರ ಹೋಗುವ ಜಾತಿ. ಗುಲ್‌ಮೊಹರಿನ ಕೊಂಬೆ ಪೆಡಸು, ಮುಂಗಾರಿಗೆ ಮುಂಚಿನ ಬಿರುಗಾಳಿ ಬಂತೆಂದರೆ ಮುರಿದು ಬೀಳುತ್ತದೆ. ಬೇರೂ ಮೇಲ್ಮೇಲೆಯೇ ಹರಡಿ ಬುಡದಲ್ಲಿ ಹುಲ್ಲನ್ನೂ ಬೆಳೆಯಗೊಡುವುದಿಲ್ಲ. ಅಲಂಕಾರಕ್ಕೆಂದು ತರುವ ಫೈಕಸ್ ಜಾತಿಯವು ಆಲದ ಬಳಗ. ಅವುಗಳ ಬೇರು ಕಾಂಪೌಂಡು ಸೀಳಿ ಪೈಪು ಹುಡುಕಿಕೊಂಡು ಹೋಗುತ್ತದೆ. ಮಕ್ಕಳಿಗೆ ಪ್ರಿಯವಾದ ಗಸಗಸೆ ಹಣ್ಣಿನ ಮರ ಹಕ್ಕಿ, ಬಾವಲಿಗಳಿಗೂ ಪ್ರಿಯ, ಆದರೆ ಅಡ್ಡಕ್ಕೆ ಕೈಚಾಚಿ ನೆಲವನ್ನೆಲ್ಲ ಮುಚ್ಚಿಬಿಡುತ್ತದೆ. ಅದು ಆಟದ ಬಯಲಿಗೆ, ಬೀದಿಯಂಚಿಗೆ ಸರಿ. ಕರಿಬೇವು ಪುಟ್ಟದೇ, ಅಡುಗೆಗೂ ಆಯಿತು, ಅದರ ಎಲೆ ತಿನ್ನುವ ಹುಳು ಚಿಟ್ಟೆಯಾಗುವುದನ್ನು ಮಕ್ಕಳು ಮನೆಯಲ್ಲೇ ನೋಡಬಹುದು. ಆದರೆ ಬೇರಿನಿಂದ ಮರಿಗಳೆದ್ದು ಪಾತಿಯ ತುಂಬ ಕರಿಬೇವೇ ಆಗುತ್ತದೆ. ಅದು ಹಿತ್ತಿಲಿಗಿರಲಿ.

ಚಿಕ್ಕ ಮಕ್ಕಳಿರುವ ಮನೆಯವರು ಒಂದು ಮರವನ್ನು ಖಂಡಿತ ಬಿಡಬೇಕು. ಗಂಟೆಯಾಕಾರದ ಹಳದಿ ಹೂವಿನ, ನರ್ಸರಿಗಳಲ್ಲಿ ಸುಲಭವಾಗಿ ಸಿಗುವ ಹಳದಿ ಕಣಗಿಲೆ. ಪೂಜೆಗೆ ಹೂವಾಗುತ್ತದೆ ಎಂದು ನೆಡುತ್ತಾರೆ. ಅದರ ಬೀಜದಲ್ಲಿರುವ ವಿಷ ನೇರವಾಗಿ ಹೃದಯದ ಬಡಿತದ ಮೇಲೆ ಎರಗುವಂಥದ್ದು. ಕೆಂಪು, ಬಿಳಿ ಹೂವಿನ ಕಣಗಿಲೆಯೂ ಇದೇ ಬಗೆಯದು. ಹೆದ್ದಾರಿಯ ನಡುಪಟ್ಟಿಯಲ್ಲಿ ಅದು ಚೆನ್ನ. ಕೈಗೆ ಸಿಕ್ಕಿದ್ದನ್ನು ಬಾಯಿಗಿಡುವ ವಯಸ್ಸಿನ ಮಗು ಇರುವ ಅಂಗಳದಲ್ಲಿ ಬೇಡ.

ಹೀಗೆ ಸೋಸಿದ ಮೇಲೆ ಉಳಿಯುವವು ಮೂರು ನಾಲ್ಕು. ಅವುಗಳಲ್ಲಿ ಮಂದಾರದ ಬಳಗ ಒಂದು. ಬಿಳಿ ಹೂವಿನ ಪುಟ್ಟ ಮಂದಾರ ಎಂಟು ಹತ್ತು ಅಡಿ ಮೀರುವುದು ಅಪರೂಪ. ತೀರ ಚಿಕ್ಕ ಜಾಗಕ್ಕೆ ಇದಕ್ಕಿಂತ ಒಳ್ಳೆಯದು ಸಿಕ್ಕದು. ಅದರ ದೊಡ್ಡ ಬಂಧುವನ್ನು ನಮ್ಮವರು ಬಸವನಪಾದ ಎಂದು ಕರೆದದ್ದು ಎಲೆ ಸೀಳುಗೊರಸಿನಂತೆ ಎರಡಾಗಿ ಒಡೆದಿರುವುದರಿಂದ. ಯುರೋಪಿನ ಸಸ್ಯಶಾಸ್ತ್ರಿಗಳಿಗೆ ಅದೇ ಎಲೆಯಲ್ಲಿ ಕಂಡದ್ದು ಬೇರೆ ಜೋಡಿ. 16-17ನೇ ಶತಮಾನದಲ್ಲಿ ಗಿಡಮೂಲಿಕೆಗಳನ್ನು ವರ್ಗೀಕರಿಸಿದ ಯೋಹಾನ್ ಮತ್ತು ಕ್ಯಾಸ್ಪರ್ ಬಾಹಿನ್ ಎಂಬ ಅಣ್ಣತಮ್ಮಂದಿರ ನೆನಪಿಗೆ ಈ ಕುಲಕ್ಕೆ ಬಾಹಿನಿಯಾ ಎಂದು ಹೆಸರಿಟ್ಟರು. ಒಂದೇ ತೊಟ್ಟಿನಲ್ಲಿ ಎರಡು ದಳ, ಒಂದೇ ಮನೆಯಲ್ಲಿ ಇಬ್ಬರು ವಿದ್ವಾಂಸರು. ಬಸವನ ಕಾಲು ಕಂಡ ರೈತನ ಕಣ್ಣೇನೂ ಕಡಿಮೆಯದಲ್ಲ.

ಇನ್ನೊಂದು ಪಾರಿಜಾತ. ರಾತ್ರಿ ಅರಳಿ ನಸುಕಿಗೆ ನೆಲಕ್ಕಿಳಿಯುವ ಹೂ. ನೆಲಕ್ಕೆ ಬಿದ್ದ ಹೂ ದೇವರಿಗೆ ಸಲ್ಲದೆಂಬ ನಿಯಮಕ್ಕೆ ಮನೆಯ ಹಿರಿಯರು ಕೊಟ್ಟಿರುವ ರಿಯಾಯಿತಿ ಇದಕ್ಕೊಂದಕ್ಕೇ. ಹಿಂದೆ ಇದರ ಕೇಸರಿ ತೊಟ್ಟಿನಿಂದ ಬಟ್ಟೆಗೆ ಬಣ್ಣ ತೆಗೆಯುತ್ತಿದ್ದರು. ಬಿಳಿಯ ಕರವಸ್ತ್ರದ ಮೇಲೆ ಮಕ್ಕಳು ಇಂದೂ ಮಾಡಿ ನೋಡಬಹುದು. ಮರ ಹತ್ತು ಹದಿನೈದು ಅಡಿಗೆ ನಿಲ್ಲುತ್ತದೆ, ಸವರಿದರೆ ಇನ್ನೂ ಚಿಕ್ಕದಾಗಿ ಉಳಿಯುತ್ತದೆ. ನೆರಳು ಹಗುರ, ನೀರಿನ ಆಸೆ ಕಡಿಮೆ. ಮಳೆಗಾಲ ಮುಗಿಯುವ ಹೊತ್ತಿಗೆ ಹೂ ಬಿಡುವುದರಿಂದ ಸೇವಂತಿಗೆಯ ಮುಂಚಿನ ತಿಂಗಳುಗಳನ್ನು ತುಂಬಿಕೊಡುತ್ತದೆ. ಕೊರತೆಯೆಂದರೆ ಒಂದೇ. ನೀರು ಕಮ್ಮಿಯಾದರೆ ಬೇಸಿಗೆಯ ಆರಂಭದಲ್ಲಿ, ನೆರಳು ಬೇಕಾದಾಗಲೇ, ಎಲೆ ಉದುರಿಸಿ ಬೋಳಾಗುವುದುಂಟು.

ಆ ಕೊರತೆಯಿಲ್ಲದ ಮರ ದೇವಗಣಗಿಲೆ. ದೇವಸ್ಥಾನದ ಪೌಳಿಯಲ್ಲಿ, ಸಮಾಧಿಗಳ ಪಕ್ಕದಲ್ಲಿ ಹೆಚ್ಚಾಗಿ ಕಂಡದ್ದರಿಂದ ಮನೆಯಂಗಳಕ್ಕೆ ಬೇಡವೆನ್ನುವವರು ಇದ್ದಾರೆ. ಹೆಸರಿನಲ್ಲಿ ದೇವರಿದ್ದರೂ ಇದು ನಮ್ಮ ದೇಶದ್ದಲ್ಲ. ಇದರ ತವರು ಮೆಕ್ಸಿಕೊ, ಮಧ್ಯ ಅಮೆರಿಕ, ಕೆರಿಬಿಯನ್ ದ್ವೀಪಗಳ ಕಡೆ. ಮೆಣಸಿನಕಾಯಿ, ಸೀಬೆ, ಸೀತಾಫಲಗಳ ಹಾಗೆ ಬಂದು ನಮ್ಮದೇ ಆಗಿಹೋಗಿದೆ. ನೀರಿಲ್ಲದೆ ತಿಂಗಳುಗಟ್ಟಲೆ ಇರಬಲ್ಲದು. ಒಂದು ಮೊಳದ ಕೊಂಬೆಯನ್ನು ಕಡಿದು, ಹಾಲು ಆರುವಷ್ಟು ದಿನ ನೆರಳಿನಲ್ಲಿಟ್ಟು ನೆಟ್ಟರೆ ಸಾಕು, ಬೇರು ಬಿಡುತ್ತದೆ. ಚಳಿಗಾಲದಲ್ಲಿ ಎಲೆಯನ್ನೆಲ್ಲ ಉದುರಿಸಿ, ಬೆರಳು ಚಾಚಿದ ಕೈಗಳ ಹಾಗೆ ಬೋಳಾಗಿ ನಿಲ್ಲುತ್ತದೆ. ಸೇವಂತಿಗೆ ಪಾತಿಗೆ ಬೆಳಕು ಬೇಕಾದ ಕಾಲ ಅದೇ ಅಲ್ಲವೇ? ಬೇಸಿಗೆಯ ಮೊದಲ ಮಳೆಗಳ ಹೊತ್ತಿಗೆ ಚಿಗುರಿ, ಏಪ್ರಿಲ್ ಕೊನೆಯಿಂದ ಎಲೆ, ಹೂ, ನೆರಳು ಮೂರನ್ನೂ ಒಟ್ಟಿಗೆ ಕೊಡುತ್ತದೆ.

ಕೊಳ್ಳುವಾಗ ಎಲೆಯ ತುದಿ ನೋಡಬೇಕು. ತುದಿ ಚೂಪಾಗಿದ್ದರೆ ಚಳಿಗಾಲದಲ್ಲಿ ಎಲೆ ಉದುರಿಸುವ ಜಾತಿ. ತುದಿ ದುಂಡಗಿದ್ದು ಎಲೆ ಕಡುಹಸಿರಾಗಿ ಹೊಳೆಯುತ್ತಿದ್ದರೆ ಅದು ವರ್ಷವಿಡೀ ಎಲೆ ಹಿಡಿದಿರುವ ಇನ್ನೊಂದು ಜಾತಿ. ಹೂವಿನ ಪಾತಿಗೆ ಬೇಕಾದದ್ದು ಚೂಪು ಎಲೆಯದು. ಮಳೆಗಾಲದ ಕೊನೆಗೆ ಎಲೆಯ ಅಡಿ ಕಿತ್ತಳೆ ಬಣ್ಣದ ಪುಡಿಯಂಥ ತುಕ್ಕು ರೋಗ ಬರುವುದುಂಟು. ಉದುರಿದ ಎಲೆಗಳನ್ನು ಗುಡಿಸಿ ಬೇರೆಡೆ ಹಾಕಿದರೆ ಅದು ಬಹುಮಟ್ಟಿಗೆ ಹತೋಟಿಗೆ ಬರುತ್ತದೆ. ಹೂವಿನ ಬಗ್ಗೆ ವಿಜ್ಞಾನದ ವಿದ್ಯಾರ್ಥಿಗಳಿಗೆ ಒಂದು ಸ್ವಾರಸ್ಯವಿದೆ. ಇಷ್ಟೊಂದು ಕಂಪು ಬೀರುವ ಈ ಹೂವಿನಲ್ಲಿ ಮಕರಂದವೇ ಇಲ್ಲ. ರಾತ್ರಿ ಹಾರುವ ಪತಂಗಗಳು ಕಂಪಿಗೆ ಮರುಳಾಗಿ ಹೂವಿಂದ ಹೂವಿಗೆ ಹುಡುಕಾಡಿ, ಬರಿಗೈಯಲ್ಲಿ ಪರಾಗ ಹೊತ್ತು ಹೋಗುತ್ತವೆ.

ಮರದ ಕೆಳಗೆ ಯಾವ ಗಿಡ ಎಲ್ಲಿ ಎನ್ನುವುದು ಇನ್ನು ಸುಲಭ. ಬುಡದಿಂದ ಎರಡಡಿ ದೂರ ಖಾಲಿ ಬಿಟ್ಟು, ಹಗುರ ನೆರಳು ಬೀಳುವ ಕಡೆ ಕನಕಾಂಬರ. ಅರೆನೆರಳಿನಲ್ಲೂ ಅದು ಚೆನ್ನಾಗಿ ಬರುತ್ತದೆ. ಅದರ ಜೊತೆಗೆ ನಂದಿಬಟ್ಟಲು, ನೀಲಿ ಬಿಳಿ ಹೂವಿನ ಸ್ಫಟಿಕ. ಮಳೆ ಬಿದ್ದ ಕೆಲವೇ ದಿನಕ್ಕೆ ನೆಲದಿಂದ ಎದ್ದು ಬರುವ ಮಳೆ ಲಿಲ್ಲಿಯನ್ನು ಅಂಚಿಗೆ ಹಾಕಬಹುದು. ಸುಗಂಧರಾಜ, ಸೇವಂತಿಗೆಗಳಿಗೆ ಪಾತಿಯ ಪೂರ್ವ ಮತ್ತು ದಕ್ಷಿಣದ ಬಿಸಿಲು ಜಾಗವೇ ಆಗಬೇಕು. ಸೇವಂತಿಗೆಯದು ಇನ್ನೊಂದು ಹಟ. ರಾತ್ರಿ ಉದ್ದವಾದಾಗಲೇ ಅದು ಮೊಗ್ಗು ಕಟ್ಟುವುದು. ಗೇಟಿನ ದೀಪ ಇಡೀ ರಾತ್ರಿ ಅದರ ಮೇಲೆ ಉರಿಯುತ್ತಿದ್ದರೆ ಗಿಡ ಸೊಂಪಾಗಿ ಬೆಳೆಯುತ್ತದೆ, ಹೂ ಮಾತ್ರ ತಡ. ಗೊಬ್ಬರ ಸಾಲದೆಂದು ಸುರಿಯುವ ಮುನ್ನ ದೀಪದ ಸ್ವಿಚ್ಚು ನೋಡುವುದು ಒಳ್ಳೆಯದು.

ತಿಂಗಳುಗಳನ್ನು ಹೀಗೆ ಹಂಚಿಕೊಡುವ ಜಾಣತನ ಬೆಂಗಳೂರಿಗೆ ಹೊಸತಲ್ಲ. ಜರ್ಮನಿಯಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ತೋಟದಲ್ಲಿ ದುಡಿದು, ಬರೋಡದ ಮೂಲಕ 1908ರಲ್ಲಿ ಲಾಲ್‌ಬಾಗಿಗೆ ಬಂದ ಕ್ರುಂಬಿಗಲ್, ಒಂದು ಜಾತಿಯ ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಜಾತಿ ಅರಳುವಂತೆ ನಗರದ ಬೀದಿಗಳಿಗೆ ಮರಗಳನ್ನು ಆರಿಸಿದರು. 1956ರಲ್ಲಿ ಈ ಊರಿನಲ್ಲೇ ತೀರಿಕೊಂಡ ಅವರು ಬೀದಿಬೀದಿಗೆ ಮಾಡಿದ ಲೆಕ್ಕವನ್ನು ಒಂದು ಮರ, ಐದಾರು ಗಿಡಗಳ ಅಂಗಳಕ್ಕೂ ಮಾಡಬಹುದು. ಬೇಸಿಗೆ ಮಳೆಗಾಲಕ್ಕೆ ದೇವಗಣಗಿಲೆ, ಮಳೆಯ ನಡುವೆ ಲಿಲ್ಲಿ, ಹಬ್ಬಗಳ ಕಾಲಕ್ಕೆ ಕನಕಾಂಬರ, ಚಳಿಗೆ ಸೇವಂತಿಗೆ.

ನೀರಿನ ಮಾತು ಬಿಟ್ಟು ಬಾಗಲೂರಿನಲ್ಲಿ ತೋಟದ ಮಾತು ಪೂರ್ತಿಯಾಗದು. ಬೆಂಗಳೂರಿನ ವರ್ಷದ ಸರಾಸರಿ ಮಳೆ 900 ಮಿಲಿಮೀಟರಿಗಿಂತ ತುಸು ಮೇಲೆ. ಅದರಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ಗಳದ್ದು ದೊಡ್ಡ ಪಾಲು. ಡಿಸೆಂಬರಿನಿಂದ ಮಾರ್ಚಿಯವರೆಗೆ ಆಕಾಶದಿಂದ ಹೆಚ್ಚೇನೂ ಬರುವುದಿಲ್ಲ. ಇಲ್ಲಿಯ ಮನೆಗಳಿಗೆ ಕೊಳವೆ ಬಾವಿ, ಟ್ಯಾಂಕರುಗಳೇ ಬಹುಕಾಲ ಆಧಾರ. 2024ರ ಮಾರ್ಚಿಯಲ್ಲಿ ನಗರದ ನೀರಿನ ಬವಣೆ ಮಿತಿ ಮೀರಿದಾಗ ಜಲಮಂಡಳಿ ಕುಡಿಯುವ ನೀರನ್ನು ಗಿಡಗಳಿಗೆ ಹಾಕುವುದನ್ನೇ ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡವೆಂದು ಆಜ್ಞೆ ಹೊರಡಿಸಿತು. ಅಂಥ ವರ್ಷ ಮತ್ತೆ ಬರುವುದಿಲ್ಲವೆಂದು ಯಾರೂ ಬರೆದುಕೊಟ್ಟಿಲ್ಲ. ಆರಿಸುವ ಮರ ಅಂಥ ಮಾರ್ಚಿಯನ್ನು ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರಿನಲ್ಲೇ ದಾಟುವಂಥದ್ದಾಗಿರಬೇಕು. ನೀರು ಶುದ್ಧೀಕರಿಸುವ ಯಂತ್ರದಿಂದ ಹೊರಬರುವ ನೀರನ್ನು ದಿನವೂ ಸುರಿಯುವುದು ಬೇಡ. ಕೊಳವೆ ಬಾವಿಯ ಲವಣವೆಲ್ಲ ಅದರಲ್ಲೇ ಗಟ್ಟಿಯಾಗಿ ಕೂತಿರುತ್ತದೆ.

ನರ್ಸರಿಯಲ್ಲಿ ಎತ್ತರದ, ಹೂ ತುಂಬಿದ ಸಸಿಯನ್ನು ಬಿಟ್ಟು ಗಿಡ್ಡನೆಯ, ದಪ್ಪ ಕಾಂಡದ ಸಸಿಯನ್ನು ಆರಿಸಿ. ಕಪ್ಪು ಕವರಿನ ತಳದಲ್ಲಿ ಬೇರು ಸುರುಳಿ ಸುತ್ತಿಕೊಂಡಿದ್ದರೆ ಅದು ಬಹಳ ದಿನ ಕವರಿನಲ್ಲೇ ಕೊಳೆತ ಗಿಡ. ನೆಲಕ್ಕಿಟ್ಟ ಮೇಲೂ ಬೇರು ಸುತ್ತುತ್ತಲೇ ಇರುತ್ತದೆ. ಲಾಲ್‌ಬಾಗ್, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ, ಯಲಹಂಕದ ದಾರಿಯಲ್ಲೇ ಸಿಗುವ ಜಿಕೆವಿಕೆಯ ಕೃಷಿ ವಿಶ್ವವಿದ್ಯಾನಿಲಯ, ಇವೆಲ್ಲ ಒಂದು ಬೆಳಗಿನ ಪ್ರಯಾಣದ ಒಳಗಿವೆ. ಕೊಳ್ಳದಿದ್ದರೂ ಚಿಂತೆಯಿಲ್ಲ. ಬೆಳೆದು ನಿಂತ ದೇವಗಣಗಿಲೆ, ಪಾರಿಜಾತಗಳನ್ನು ಮಕ್ಕಳೊಂದಿಗೆ ಹೋಗಿ ನೋಡಿ, ಕೆಳಗೆ ನಿಂತು ನೆರಳು ಎಷ್ಟು ದಟ್ಟವೆಂದು ಅಳೆದು ಬಂದರೆ ಹತ್ತು ನಿಮಿಷದ ಆಯ್ಕೆ ಒಂದು ತಿಂಗಳ ಆಯ್ಕೆಯಾಗುತ್ತದೆ.

ನೆಡಲು ಮೃಗಶಿರಾ ಮಳೆಯ ಕಾಲ, ಅಂದರೆ ಜೂನ್ ಎರಡನೇ ವಾರದ ನಂತರ, ಪ್ರಶಸ್ತ. ಗೋಡೆ, ಸಂಪುಗಳಿಂದ ಕನಿಷ್ಠ ಆರೇಳು ಅಡಿ ದೂರವಿರಲಿ. ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳದ ಗುಂಡಿ ತೆಗೆದಾಗ ಸಿಕ್ಕ ಜಲ್ಲಿ, ಸಿಮೆಂಟಿನ ಹೆಂಟೆಯನ್ನೆಲ್ಲ ಆರಿಸಿ ಹೊರಗೆ ಹಾಕಬೇಕು. ಮುಚ್ಚುವ ಮೊದಲು ಒಂದು ಸಂಜೆ ಗುಂಡಿಗೆ ನೀರು ತುಂಬಿಸಿ ನೋಡಿ. ಬೆಳಿಗ್ಗೆಯೂ ನೀರು ನಿಂತಿದ್ದರೆ ಅಡಿಯಲ್ಲಿ ಗಟ್ಟಿ ಪದರವಿದೆ, ಹಾರೆಯಿಂದ ಒಡೆಯಬೇಕು. ದೇವಗಣಗಿಲೆ ಬರ ತಡೆಯುತ್ತದೆ, ನಿಂತ ನೀರನ್ನು ತಡೆಯದು. ಕೆಮ್ಮಣ್ಣಿಗೆ ಒಂದು ಬುಟ್ಟಿ ಹಳೆಯ ಕೊಟ್ಟಿಗೆ ಗೊಬ್ಬರ, ಗೆದ್ದಲಿನ ಭಯವಿರುವುದರಿಂದ ಎರಡು ಬೊಗಸೆ ಬೇವಿನ ಹಿಂಡಿ ಬೆರೆಸಿ ಮುಚ್ಚಿದರೆ ಸಾಕು. ಸುತ್ತಲಿನ ಗಿಡಗಳನ್ನೂ ಅದೇ ಮಳೆಗಾಲದಲ್ಲಿ ಕೂರಿಸಬೇಕು. ಮರ ಬೇರೂರಿದ ಮೇಲೆ ಅಗೆದರೆ ಬೇರು ಕಡಿಯುತ್ತದೆ.

ಮನೆಯ ವಿದ್ಯಾರ್ಥಿಯ ನೆರಳಿನ ಪುಸ್ತಕ ಇಲ್ಲಿಗೆ ಮುಗಿಯಬೇಕಿಲ್ಲ. ಅದರಲ್ಲೇ ಮೊದಲ ಚಿಗುರು ಬಂದ ದಿನ, ಎಲೆ ಉದುರಲು ತೊಡಗಿದ ದಿನ, ಮೊದಲ ಮೊಗ್ಗು ಕಂಡ ದಿನ ಬರೆದಿಡುತ್ತ ಹೋಗಲಿ. ಹೀಗೆ ವಾರವಾರ ಮರಗಳನ್ನು ನೋಡಿ ದಾಖಲಿಸುವ ಸೀಸನ್‌ವಾಚ್ ಎಂಬ ಯೋಜನೆಯಲ್ಲಿ ದೇಶದ ಬೇರೆ ಬೇರೆ ಕಡೆಯ ಶಾಲಾಮಕ್ಕಳು ಭಾಗವಹಿಸುತ್ತಾರೆ. ಋತುಗಳು ಹಿಂದುಮುಂದಾಗುತ್ತಿವೆ ಎಂಬುದು ಮಾತಿನಲ್ಲಿ ಎಲ್ಲರಿಗೂ ಗೊತ್ತು. ಎಷ್ಟು ದಿನ ಎಂದು ಹೇಳಲು ಇಂಥ ಪುಸ್ತಕಗಳೇ ಬೇಕು.

ಮೊದಲ ಎರಡು ಬೇಸಿಗೆ ಮಾತ್ರ ವಾರಕ್ಕೊಮ್ಮೆ, ಒಂದು ಕೊಡ ನೀರನ್ನು ನಿಧಾನವಾಗಿ ಇಂಗುವಂತೆ ಹಾಕಬೇಕು. ದಿನವೂ ಚೊಂಬಿನಲ್ಲಿ ಚಿಮುಕಿಸಿದರೆ ಬೇರು ಮೇಲೆಯೇ ಉಳಿದು ಪಾತಿಯ ಗಿಡಗಳೊಡನೆ ಜಗಳಕ್ಕೆ ನಿಲ್ಲುತ್ತದೆ. ಮೂರನೇ ವರ್ಷ, ಎಲೆಯಿಲ್ಲದ ಜನವರಿ ಫೆಬ್ರವರಿಯಲ್ಲಿ, ಆರಡಿಗಿಂತ ಕೆಳಗಿನ ಕವಲುಗಳನ್ನು ಸವರಿದರೆ ಕೆಳಗಿನ ಹೂಗಿಡಗಳಿಗೆ ಗಾಳಿ ಬೆಳಕು ಆಡುತ್ತದೆ. ಸವರುವ ಕೆಲಸ ದೊಡ್ಡವರದಾಗಲಿ. ದೇವಗಣಗಿಲೆಯ ಹಾಲು ಚರ್ಮಕ್ಕೆ ತಾಗಿದರೆ ಉರಿ, ಕಣ್ಣಿಗೆ ಸಿಡಿದರೆ ಇನ್ನೂ ಕಷ್ಟ. ಕಡಿದ ಕವಲುಗಳನ್ನು ಎಸೆಯಬೇಕಿಲ್ಲ. ನೆರಳಿನಲ್ಲಿ ಒರಗಿಸಿ ಒಂದು ವಾರ ಬಿಟ್ಟರೆ ಪಕ್ಕದ ಮನೆಯವರಿಗೆ, ಮಕ್ಕಳ ಶಾಲೆಯ ಅಂಗಳಕ್ಕೆ ಕೊಡಲು ಸಿದ್ಧವಾಗಿರುತ್ತವೆ.